ಟೀಪಾಯಿ ಮೇಲೆ ಅಜ್ಜಿಯ ಸೀರೆ

ಮೇಜಿನ ನಡುವೆ ಉದ್ದಕ್ಕೆ ಹಾಸುವ ಕಿರಿದಾದ ಬಟ್ಟೆಗೆ ಟೇಬಲ್ ರನ್ನರ್ ಎನ್ನುತ್ತಾರೆ. ಈ ದೀಪಾವಳಿಗೆ ಹೆಬ್ರಿಯ ನಮ್ಮ ಮನೆಯಲ್ಲಿ ಅದನ್ನು ನಾವೇ ಹೊಲಿದೆವು, ಅಜ್ಜಿಯ ಉಡುಪಿ ಸೀರೆಯಿಂದ.

ಅಜ್ಜಿ ಈಗ ಇಲ್ಲ. ಸೀರೆಗೆ ಕತ್ತರಿ ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಸೊಂಟಕ್ಕೆ ಸಿಕ್ಕಿಸುವ ಕಡೆ ಅದು ಹಿಂಜಿತ್ತು. ಉಡಲೂ ಆಗದು, ಎಸೆಯಲೂ ಆಗದು. ಕೊನೆಗೆ ಅಮ್ಮನೇ, "ಪೆಟ್ಟಿಗೆಯಲ್ಲಿ ಹುಳ ಹಿಡಿಯುವುದಕ್ಕಿಂತ ಕಣ್ಣೆದುರು ಇರಲಿ" ಎಂದರು.

ಗಟ್ಟಿ ಉಳಿದ ಭಾಗದಲ್ಲಿ, ಸೀರೆಯ ಅಡ್ಡಕ್ಕೆ, 14 ಇಂಚಿನ ಪಟ್ಟಿ ತೆಗೆದೆವು. ಹೀಗೆ ತೆಗೆದರೆ ಸೀರೆಯ ಎರಡು ಅಂಚೂ ರನ್ನರಿನ ಎರಡು ತುದಿಗೆ ತಾನಾಗಿ ಬರುತ್ತವೆ, ಬೇರೆ ಅಲಂಕಾರ ಬೇಡ. ನೇರ ಕತ್ತರಿಸಲು ಒಂದು ಹೊಕ್ಕು ನೂಲನ್ನು ಎಳೆದು ತೆಗೆದು, ಆ ಗೆರೆಯಲ್ಲೇ ಕತ್ತರಿ ನಡೆಸಿ. ಅಂಚಿನ ಕಡೆ ನೂಲು ಬಿಡುವುದಿಲ್ಲ. ಉದ್ದದ ಎರಡು ಬದಿಗಳನ್ನು ಮಾತ್ರ ಕಾಲಿಂಚಿನಂತೆ ಎರಡು ಸಲ ಮಡಚಿ, ಇಸ್ತ್ರಿ ಹಾಕಿ ಹೊಲಿದರಾಯಿತು. ಹೊಲಿದ ಮೇಲೆ ಅಗಲ 13 ಇಂಚು. ಎಷ್ಟೋ ಸಲ ಒಗೆದ ಬಟ್ಟೆಯಾದ್ದರಿಂದ ಕುಗ್ಗುವ ಭಯವೂ ಇಲ್ಲ.

ಆದರೆ ಒಂದು ಮಾತು. ಉಡಲು ಬರುವ ಕೈಮಗ್ಗದ ಸೀರೆಯನ್ನು ಇದಕ್ಕಾಗಿ ಕತ್ತರಿಸಬೇಡಿ, ಉಡಿ. ಉಡುಪಿ ಸೀರೆ ನೇಯುವ ಕೈಗಳು ಈಗ ಕಡಿಮೆ. ಕಾರ್ಕಳದ ಕದಿಕೆ ಟ್ರಸ್ಟ್, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಆ ಮಗ್ಗಗಳನ್ನು ಉಳಿಸಲು ದುಡಿಯುತ್ತಿವೆ. ಹೊಸ ಸೀರೆ ಕೊಳ್ಳುವವರಿದ್ದರೆ ಮಾತ್ರ ಮಗ್ಗ ಉಳಿಯುತ್ತದೆ. ಹಳೆಯದನ್ನು ಹೊಲಿದರೆ ನೆನಪು ಮಾತ್ರ.

ಹಬ್ಬದ ದಿನ ಅದರ ಮೇಲೆ ಅವಲಕ್ಕಿ ತಟ್ಟೆ ಇಟ್ಟೆವು. ಉಳಿದ ತುಂಡು ತನಗೆ ಬೇಕೆಂದು ಚಿಕ್ಕಮ್ಮ ಆಗಲೇ ಹೇಳಿಯಾಗಿದೆ.