ಪುಸ್ತಕ ಮುಚ್ಚಿದ ಮೇಲೆ

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದವರು. ಆದರೆ ಅದರ ಅರ್ಥವು ನಮಗೆ ಹೊಳೆದುದು ಒಂಬತ್ತನೆಯ ಇಯತ್ತೆಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ. ಅದೂ ಪೆಟ್ಟು ತಿಂದ ಬಳಿಕ.

ಆಗ ನಾವು ನಾಲ್ವರು ಗೆಳೆಯರು ಈ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುತ್ತಿದ್ದೆವು. ಮನೆಯೆಂದರೆ ಚಾಳಿನ ಒಂದು ಖೋಲಿ. ಸುತ್ತಲಿನ ಗದ್ದಲವನ್ನು ಮೀರಿಸಲು ಗಟ್ಟಿಯಾಗಿ ಓದುವುದೇ ನಮ್ಮ ಪದ್ಧತಿ. ಇತಿಹಾಸದ ಪಾಠವನ್ನು ಐದಾರು ಸಲ ಓದಿದ್ದೆವು. ಮುಖ್ಯವೆಂದು ತೋರಿದ ಸಾಲುಗಳಿಗೆಲ್ಲ ಗೆರೆ ಎಳೆದು ಪುಟವೇ ಕೆಂಪಾಗಿತ್ತು. ದಂಡಿಯಾತ್ರೆಯು 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟಿತು, ಏಪ್ರಿಲ್ 6ರಂದು ಗಾಂಧೀಜಿಯವರು ಉಪ್ಪನ್ನೆತ್ತಿ ಕಾಯಿದೆಯನ್ನು ಮುರಿದರು ಎಂಬುದನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳಬಲ್ಲವರಾಗಿದ್ದೆವು. ಪ್ರಶ್ನಪತ್ರಿಕೆಯಲ್ಲಾದರೋ ಬೇರೊಂದು ಪ್ರಶ್ನೆಯಿತ್ತು: ‘ಗಾಂಧೀಜಿಯವರು ಉಪ್ಪನ್ನೇ ಏಕೆ ಆರಿಸಿಕೊಂಡರು?’ ನಮ್ಮ ಲೇಖನಿ ನಿಂತಿತು. ಅಷ್ಟು ದಿನದ ಓದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

ನಾಲ್ವರೂ ಅನುತ್ತೀರ್ಣರಾದೆವು. ನಮ್ಮಲ್ಲೊಬ್ಬನ ತಂದೆ, “ವಿದ್ಯೆ ನಿನ್ನ ಹಣೆಯಲ್ಲಿ ಬರೆದಿಲ್ಲ ಮಗಾ, ಮಾವನ ಹೋಟೆಲಿಗೆ ಹೋಗು” ಎಂದರು. ಅವನು ಹೋದನು. ಬೆಂಚಿನ ಮೇಲೆ ಅವನ ಜಾಗ ಬರಿದಾಯಿತು. ನಾಳೆ ನಮ್ಮ ಸರದಿಯೆಂಬ ಅಂಜಿಕೆ ಉಳಿದ ಮೂವರನ್ನೂ ಕಾಡಹತ್ತಿತು.

ಆ ವಾರ ಮಾಸ್ತರರು ನಮ್ಮನ್ನು ಕರೆಯಿಸಿದರು. ಬೈಯಲಿಲ್ಲ. “ಹೇಗೆ ಓದಿದಿರಿ, ತೋರಿಸಿರಿ” ಎಂದರು. ಒಂದು ಪರಿಚ್ಛೇದವನ್ನು ಓದಿಸಿ, ಪುಸ್ತಕವನ್ನು ಮುಚ್ಚಿಸಿ, “ಈಗ ನಿಮ್ಮ ಮಾತಿನಲ್ಲಿ ಹೇಳಿರಿ” ಎಂದು ಕೇಳಿದರು. ಆಗತಾನೆ ಓದಿದುದೇ ಆದರೂ ಮೂವರ ಬಾಯಿಂದಲೂ ಮಾತು ಹೊರಡಲಿಲ್ಲ. “ಓದಿದ್ದು ಬರಿಯ ಕಣ್ಣು, ಮನಸ್ಸು ಓದಲಿಲ್ಲ. ನಿಮ್ಮಲ್ಲಿ ಬುದ್ಧಿಗೆ ಕೊರತೆಯಿಲ್ಲ, ಓದುವ ದಾರಿ ತಪ್ಪಿದೆ” ಎಂದರು.

ಅವರು ತೋರಿಸಿದ ದಾರಿ ಇಷ್ಟೇ. ಓದುವ ಮೊದಲು ಪಾಠದ ತಲೆಬರಹ, ಚಿತ್ರ, ಕೊನೆಯ ಪ್ರಶ್ನೆಗಳ ಮೇಲೆ ಕಣ್ಣಾಡಿಸಿ, ನಮ್ಮದೇ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು. ಅದರ ಉತ್ತರವನ್ನು ಹುಡುಕುತ್ತ ಒಂದೊಂದೇ ಪರಿಚ್ಛೇದವನ್ನು ಓದಬೇಕು. ಬಳಿಕ ಪುಸ್ತಕ ಮುಚ್ಚಿ, ತಿಳಿದುದನ್ನು ಸ್ವಂತ ಮಾತಿನಲ್ಲಿ ಹೇಳಬೇಕು ಇಲ್ಲವೆ ಬರೆಯಬೇಕು. ತಡವರಿಸಿದ ಕಡೆ ಮಾತ್ರ ಮತ್ತೆ ತೆರೆದು ನೋಡಬೇಕು. ಹೊಸದನ್ನು ಮೊದಲೇ ಬಲ್ಲ ಯಾವುದಾದರೊಂದಕ್ಕೆ ಗಂಟು ಹಾಕಬೇಕು. ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ ಅದನ್ನು ನೆನೆಯಬೇಕು.

ಗಂಟು ಹಾಕುವುದೆಂದರೇನೆಂದು ತಿಳಿಯದೆ ನಾವು ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಅಂಕೋಲೆಯ ಕಡೆಯವನೊಬ್ಬನಿದ್ದನು. ಸಾಣಿಕಟ್ಟೆಯ ಉಪ್ಪಿಲ್ಲದೆ ತನ್ನಜ್ಜಿ ಉಪ್ಪಿನಕಾಯಿ ಹಾಕುವುದಿಲ್ಲವೆಂದು ಅವನು ಅಂಜುತ್ತಲೇ ಹೇಳಿದನು. ಮಾಸ್ತರರ ಮುಖವರಳಿತು. ಅದೇ ಅಂಕೋಲೆಯಲ್ಲಿ 1930ರ ಏಪ್ರಿಲಿನಲ್ಲಿ ಜನರು ಉಪ್ಪಿನ ಕಾಯಿದೆಯನ್ನು ಮುರಿದರೆಂದೂ, ದಂಡಿಯಾತ್ರೆಯಲ್ಲಿ ಮೈಲಾರ ಮಹಾದೇವಪ್ಪನೆಂಬ ಕನ್ನಡಿಗನು ನಡೆದನೆಂದೂ ಹೇಳಿ, “ಉಪ್ಪಿಲ್ಲದೆ ಯಾರ ಮನೆಯ ಒಲೆ ಉರಿದೀತು?” ಎಂದು ಕೇಳಿದರು. ಆಗ ನಮಗೆ ಬೆಳಕಾಯಿತು. ಗಂಜಿ ಕುಡಿಯುವ ಬಡವನಿಗೂ ಉಪ್ಪು ಬೇಕು. ಕಡಲು ಕಣ್ಣೆದುರಿಗಿದ್ದರೂ ತಾನೇ ಉಪ್ಪು ಮಾಡಿಕೊಳ್ಳುವಂತಿಲ್ಲ. ಕೊಂಡರೆ ಸರಕಾರಕ್ಕೆ ತೆರಿಗೆ. ಈ ಅನ್ಯಾಯ ಪ್ರತಿಯೊಂದು ಮನೆಗೂ ಅರ್ಥವಾಗುವಂಥದು, ಆದುದರಿಂದಲೇ ಉಪ್ಪು! ಅಂದು ತಿಳಿದ ಆ ಉತ್ತರವನ್ನು ನಾವು ಇಂದಿಗೂ ಮರೆತಿಲ್ಲ.

ಮಾಸ್ತರರ ಮಾತಿಗೆ ಶಾಸ್ತ್ರದ ಆಧಾರವೂ ಉಂಟೆಂಬುದು ನಮಗೆ ಎಷ್ಟೋ ವರುಷಗಳ ಮೇಲೆ ತಿಳಿಯಿತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ತನ್ನನ್ನೇ ಪರೀಕ್ಷಿಸಿಕೊಂಡು, ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುವುದೆಂದು 1885ರಲ್ಲಿ ಪ್ರಕಟಿಸಿದನು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಒಂದು ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ಮೇಲೆ ನಡೆದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಮೇಲೆ ನೋಡಿದರೆ ಅವರಲ್ಲಿ ಉಳಿದುದು ನೂರಕ್ಕೆ ಸುಮಾರು 42 ಭಾಗ. ಒಮ್ಮೆ ಓದಿ, ಬಳಿಕ ನೆನೆದು ಬರೆದವರಲ್ಲಿ ಸುಮಾರು 56 ಭಾಗ.

ವಾರ್ಷಿಕ ಪರೀಕ್ಷೆಯಲ್ಲಿ ಮೂವರೂ ಉತ್ತೀರ್ಣರಾದೆವು. ಆದರೆ ಹೋದ ಗೆಳೆಯನ ನೆನಪು ನಮ್ಮನ್ನು ಚುಚ್ಚುತ್ತಿತ್ತು. ಅವನೇನು ದಡ್ಡನೆ? ಅವನಿಗೂ ನಮ್ಮಂತೆಯೇ ದಾರಿ ತಪ್ಪಿತ್ತಷ್ಟೆ. ಭಾನುವಾರದ ಮಧ್ಯಾಹ್ನ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಅವನ ಬಳಿಗೆ ಹೋಗಿ, ಕಲಿತುದನ್ನು ಹೇಳತೊಡಗಿದೆವು. ಅವನು “ಯಾಕೆ?” ಎಂದೊಡನೆ ನಮ್ಮ ಅರೆತಿಳಿವು ಬಯಲಾಗುತ್ತಿತ್ತು, ಮನೆಗೆ ಬಂದು ಮತ್ತೆ ಓದುತ್ತಿದ್ದೆವು. ಅವನಿಗೆ ಕಲಿಸಲು ಹೋಗಿ ಕಲಿತವರು ನಾವೇ. ಮುಂದೆ ಅವನು ರಾತ್ರಿಶಾಲೆಯನ್ನು ಸೇರಿ, ನಮಗಿಂತ ಎರಡು ವರುಷ ತಡವಾಗಿ ಹತ್ತನೆಯ ಇಯತ್ತೆಯನ್ನು ದಾಟಿದನು. ಅಂದು ಅವನ ತಂದೆ ಪೇಢೆಯ ಪೊಟ್ಟಣ ಹಿಡಿದು ನಮ್ಮ ಮೂವರ ಮನೆಗೂ ಬಂದರು.

ಬಾಲಮಿತ್ರರೆ, ಓದಿ ಮುಗಿಸಿದಿರಷ್ಟೆ? ಇನ್ನು ಈ ಸಂಚಿಕೆಯನ್ನು ಮುಚ್ಚಿರಿ. ಗಾಂಧೀಜಿಯವರು ಉಪ್ಪನ್ನೇ ಏಕೆ ಆರಿಸಿಕೊಂಡರೆಂಬುದನ್ನು ಪಕ್ಕದಲ್ಲಿರುವ ಗೆಳೆಯನಿಗೆ ನಿಮ್ಮ ಮಾತಿನಲ್ಲಿ ಹೇಳಿರಿ.