ಕೋಲಾರದ ಟೊಮೆಟೊ ಲೆಕ್ಕ

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದು ಎರಡು ಗಂಟೆ ಸಾಗಿದರೆ ಕೋಲಾರ. ಚಿನ್ನದ ನಾಡೆಂದೇ ಹೆಸರಾದ ಈ ಜಿಲ್ಲೆಯಲ್ಲಿ 2001ರಲ್ಲಿ ಗಣಿ ಮುಚ್ಚಿತು. ಈಗ ಇಲ್ಲಿ ಹೊಳೆಯುವುದು ಎ.ಪಿ.ಎಂ.ಸಿ. ಅಂಗಳದ ಟೊಮೆಟೊ. ಜೂನ್, ಜುಲೈ ತಿಂಗಳಲ್ಲಿ ಬೆಳಿಗ್ಗೆ ಒಳಹೊಕ್ಕವರಿಗೆ ಕಾಲಿಡಲು ಜಾಗವಿಲ್ಲ. ಆಳೆತ್ತರ ಪೇರಿಸಿದ ಪ್ಲಾಸ್ಟಿಕ್ ಬಾಕ್ಸುಗಳು, ಹಮಾಲರ ಕೂಗು, ಕನ್ನಡ-ತೆಲುಗು ಬೆರೆತ ಹರಾಜು, ಉತ್ತರ ಭಾರತಕ್ಕೆ ಹೊರಡಲು ನಿಂತ ಲಾರಿಗಳು.

ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಿದು ಎಂದರೆ ಹೊರಗಿನವರು ನಂಬುವುದಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಂತರ್ಜಲವೇನೋ ಏರಿತು, ಆ ನೀರನ್ನು ಇನ್ನೊಂದು ಹಂತ ಶುದ್ಧೀಕರಿಸಬೇಕೆಂಬ ಕೂಗೂ ನಿಂತಿಲ್ಲ. ಸಿಕ್ಕ ನೀರನ್ನು ರೈತ ಹನಿ ಹನಿಯಾಗಿ ಬುಡಕ್ಕೆ ಬಿಡುತ್ತಾನೆ. ಏರುಮಡಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಗಿಡಕ್ಕೊಂದು ನೀಲಗಿರಿ ಕಡ್ಡಿ. ಮಕ್ಕಳನ್ನು ಸಾಕಿದಷ್ಟೇ ಜೋಪಾನ.

ಇಳುವರಿಗೆ ಕೊರತೆಯಿಲ್ಲ. ದೇಶದ ಸರಾಸರಿ ಹೆಕ್ಟೇರಿಗೆ ಸುಮಾರು 25 ಟನ್. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಗೆ ಒಳ್ಳೆಯ ಆರೈಕೆ ಸಿಕ್ಕರೆ ಅದರ ಮೂರು ಪಟ್ಟು ಬರುತ್ತದೆ. ಎಲೆ ಮುರುಟು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ತಳಿ ಅದು. ಆದರೆ ಬಿಳಿನೊಣ ಹೊತ್ತು ತರುವ ನಂಜು ರೂಪ ಬದಲಿಸುತ್ತಲೇ ಇರುತ್ತದೆ. ಒಮ್ಮೆ ಗೆದ್ದೆವೆಂದು ಸುಮ್ಮನೆ ಕೂರುವಂತಿಲ್ಲ.

ಫಸಲು ಗೆದ್ದರೂ ಬೆಲೆ ಗೆಲ್ಲಬೇಕಲ್ಲ! 2023ರ ಜುಲೈನಲ್ಲಿ ಇಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಹೊಲಕ್ಕೆ ರಾತ್ರಿ ಕಾವಲು ಹಾಕಿದವರೂ ಉಂಟು. ಸೆಪ್ಟೆಂಬರ್ ಹೊತ್ತಿಗೆ ಅದೇ ಬಾಕ್ಸು ಕೆಲವೇ ನೂರಕ್ಕೆ ಇಳಿದಿತ್ತು. ಕಾರಣ ಗುಟ್ಟೇನಲ್ಲ. ಸಸಿ ನೆಟ್ಟ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು. ಬೆಲೆ ಏರಿದಾಗ ಎಲ್ಲರೂ ನರ್ಸರಿಗೆ ಓಡುತ್ತಾರೆ. ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬರುತ್ತದೆ. ಈರುಳ್ಳಿಯಂತೆ ಕೂಡಿಡೋಣವೆಂದರೆ ಟೊಮೆಟೊ ಕಾಯುವ ಜಾತಿಯಲ್ಲ.

ಕಾಲೇಜಿನ ಶುಲ್ಕ ಕಟ್ಟುವ ಕಾಲವೂ ಇದೇ. ಅಪ್ಪನೊಡನೆ ಮಂಡಿಗೆ ಬಂದ ಪಿ.ಯು. ಹುಡುಗರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಾಕುವ ಲೆಕ್ಕ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಬಾಕ್ಸಿಗೆ 50 ರೂಪಾಯಿ ಎಂದರೆ ಕೆ.ಜಿ.ಗೆ ಮೂರು ರೂಪಾಯಿ ಚಿಲ್ಲರೆ. ಅದರಲ್ಲೇ ಕೊಯ್ದ ಕೂಲಿ, ಟೆಂಪೋ ಬಾಡಿಗೆ, ಹಮಾಲಿ. ಇಂಥ ದಿನ ಎಕರೆಗೆ ಎಷ್ಟು ಟನ್ ಬೆಳೆದೆ ಎಂದು ಯಾರೂ ಕೇಳುವುದಿಲ್ಲ. ಹೆಚ್ಚು ಬೆಳೆದವನಿಗೇ ಹೆಚ್ಚು ಕೂಲಿ ಬಾಕಿ. ಕೊಯ್ಯದೆ ಗಿಡದಲ್ಲೇ ಬಿಟ್ಟವನನ್ನು ಸೋಮಾರಿ ಎನ್ನುವುದು ಪೇಟೆಯವರ ತಪ್ಪು ತಿಳಿವಳಿಕೆ.

ಬಿಸಿಲೇರುವಾಗ ಹರಾಜು ಮುಗಿದು ಖಾಲಿ ಬಾಕ್ಸು ತುಂಬಿದ ಟೆಂಪೋಗಳು ಮುಳಬಾಗಿಲು, ಶ್ರೀನಿವಾಸಪುರದ ದಾರಿ ಹಿಡಿಯುತ್ತವೆ. ಮುಂದಿನ ಸೀಟಿನಲ್ಲಿ ಕುಳಿತವರು ಮದನಪಲ್ಲಿಯ ಮಂಡಿಗೆ ಫೋನು ಹಚ್ಚಿ ಅಲ್ಲಿ ಇವತ್ತು ಎಷ್ಟಕ್ಕೆ ಹೋಯಿತೆಂದು ವಿಚಾರಿಸುತ್ತಾರೆ. ನಾಳೆಯ ಕೊಯ್ಲಿಗೆ ಆಳು ಕರೆಯಬೇಕೋ ಬೇಡವೋ, ಸಂಜೆಯೊಳಗೆ ಹೇಳಬೇಕು.