ಹಳೇ ಸೆಟ್ಟಿನೊಳಗೆ ಉಳಿದ ಕ್ಯಾಸೆಟ್

ಕಳ್ಳಂಬೆಳ್ಳದ ನಮ್ಮ ಮನೆ ಮುಂದೆ 2004ರ ಒಂದು ಸ್ಕೋಡಾ ಆಕ್ಟೇವಿಯಾ ಕಾರು ನಿಂತಿರುತ್ತದೆ. ಅಣ್ಣ ತಮ್ಮ ನಾವಿಬ್ಬರೂ ಸೇರಿ ಕೊಂಡಿದ್ದು. ನಮ್ಮಲ್ಲಿ ಒಬ್ಬನಿಗೆ ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ, ಇನ್ನೊಬ್ಬನಿಗೆ ತೋಟ. 2001ರಲ್ಲಿ ಈ ಕಾರು ಭಾರತಕ್ಕೆ ಬಂದಾಗ ನಮ್ಮ ಕಡೆ ಇದರಲ್ಲಿ ಓಡಾಡುತ್ತಿದ್ದವರು ಡಾಕ್ಟರು, ಕಂಟ್ರಾಕ್ಟರು, ಲೀಡರುಗಳು. ಈಗ ಬೆಂಗಳೂರಿನಲ್ಲಿ ಇಂಥ ಹಳೇ ಲಕ್ಸುರಿ ಕಾರನ್ನು ಕೇಳುವವರೇ ಕಡಿಮೆ. ನಮಗೆ ಹೊಸ ಬುಲೆಟ್ ಬೈಕಿನ ಬೆಲೆಗಿಂತ ಕಡಿಮೆಗೆ ಸಿಕ್ಕಿತು.

ಕಾರಿನ ಜತೆ ಕಾರ್ಖಾನೆಯಲ್ಲೇ ಕೂರಿಸಿದ್ದ ಸೆಟ್ ಇತ್ತು. ರೇಡಿಯೊ ಮತ್ತು ಕ್ಯಾಸೆಟ್ ಎರಡೂ ಅದರಲ್ಲೇ. ಕಾರು ಬಂದ ದಿನ ಅವ್ವ ಟ್ರಂಕಿನಿಂದ ಒಂದು ಕ್ಯಾಸೆಟ್ ತೆಗೆದುಕೊಂಡು ಬಂದಳು. ನಮ್ಮದು ಕಾಡುಗೊಲ್ಲರ ಮನೆ. ಕಳುವರಹಳ್ಳಿಯ ಜುಂಜಪ್ಪ ನಮ್ಮ ದೇವರು. ಜುಂಜಪ್ಪನ ಪದ ಹಾಡುವಾಗ ಗಣೆ ಊದುತ್ತಾರೆ. ಗಣೆ ಎಂದರೆ ಉದ್ದನೆಯ ಬಿದಿರಿನ ಕೊಳಲು. ತಾತ ಹಾಡಿದ್ದನ್ನು ನಾವು ಚಿಕ್ಕವರಿದ್ದಾಗ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆವು. ಆಮೇಲೆ ತಾತ ಹೋದ, ಟೇಪ್ ರೆಕಾರ್ಡರೂ ಕೆಟ್ಟಿತು. ಹದಿನೈದು ವರ್ಷದ ಮೇಲೆ ತಾತನ ದನಿ ಕೇಳಿದ್ದು ಈ ಕಾರಿನಲ್ಲಿ.

ಕೇಳಿತು ನಿಜ, ಆದರೆ ಒಡಕು ದನಿ. ಗಣೆಯ ತಗ್ಗಿದ ಸ್ವರ ಬಂದಾಗಲೆಲ್ಲ ಬಾಗಿಲೊಳಗೆ ಗರಗರ ಸದ್ದು. ಸೆಟ್ ಹಳೇದಾಯ್ತು, ಬದಲಾಯಿಸೋಣ ಎಂದುಕೊಂಡೆವು. ನಮ್ಮ ಮೊದಲ ತಪ್ಪು ಅದೇ.

ಪಟ್ಟಣದ ಒಂದು ಅಂಗಡಿಗೆ ಹೋದೆವು. ದೊಡ್ಡ ಟಚ್ ಸ್ಕ್ರೀನಿನ ಆಂಡ್ರಾಯ್ಡ್ ಸೆಟ್ ತೋರಿಸಿದರು. ಡಬ್ಬದ ಮೇಲೆ '4x60 ವಾಟ್' ಎಂದಿತ್ತು. ಅದು ಒಂದು ಕ್ಷಣಕ್ಕೆ ಮುಟ್ಟಬಹುದಾದ ಗರಿಷ್ಠ ಲೆಕ್ಕ. ಇಂಥ ಸೆಟ್ಟುಗಳು ಬಿಡದೆ ಕೊಡುವ ಶಕ್ತಿ ಒಂದು ಸ್ಪೀಕರಿಗೆ ಹದಿನೈದು ಇಪ್ಪತ್ತು ವಾಟ್ ಮಾತ್ರ. ಹಳೇ ಸೆಟ್ ಕೊಡುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ. ಇದು ನಮಗೆ ಆಮೇಲೆ ತಿಳಿಯಿತು. ಹಳೇ ಸೆಟ್ಟಿಗೆ ಐನೂರು ರೂಪಾಯಿ ಹಿಡಿದುಕೊಂಡರು. "ಈಗ ಕ್ಯಾಸೆಟ್ ಯಾರು ಕೇಳ್ತಾರೆ ಸಾರ್?" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. 2010-11ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲೂ ಕ್ಯಾಸೆಟ್ ನಿಂತುಹೋಗಿತ್ತು.

ಹೊಸ ಸೆಟ್ ಬಂದ ಮೇಲೆ ನಾಲ್ಕು ತೊಂದರೆ ಶುರುವಾದವು. ಗರಗರ ಸದ್ದು ಹೋಗಲಿಲ್ಲ, ಇನ್ನೂ ಜೋರಾಯಿತು. ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ನು ಎಲ್ಲ ಮರೆತುಹೋಗುತ್ತಿತ್ತು. ಹಿರಿಯೂರಿನ ಕಡೆ ಹೋಗುವಾಗ ಸಲೀಸಾಗಿ ಸಿಗುತ್ತಿದ್ದ ಚಿತ್ರದುರ್ಗ ಆಕಾಶವಾಣಿಯ 102.6 ಈಗ ಬರೀ ಗೊರಗೊರ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರೆ ಕಾರು ಅದರ ಜತೆ ಮಾತೇ ಆಡಲಿಲ್ಲ.

ವಾಪಸ್ ಅಂಗಡಿಗೆ ಹೋದೆವು. ಹುಡುಗ ಹಿಂದಿನ ಪ್ಲಗ್ ಕತ್ತರಿಸಿ ಎರಡು ತಂತಿ ಸೇರಿಸಿ ಟೇಪ್ ಸುತ್ತಿದ. ಗಡಿಯಾರ ಸರಿಹೋಯಿತು. ನಾವೂ ಖುಷಿಯಾಗಿ ಬಂದೆವು.

ಅದೇ ವಾರ ಸೀಬಿ ನರಸಿಂಹಸ್ವಾಮಿ ದೇವಸ್ಥಾನದಲ್ಲಿ ಊರಿನವರ ಮದುವೆ. ಬಾಡಿಗೆ ಏನಿಲ್ಲ, ಡೀಸೆಲ್ ಹಾಕಿಸಿದರೆ ಮದುವೆ ಗಂಡನ್ನು ನಾವೇ ಕರೆತರುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಶುಕ್ರವಾರ ಸಂಜೆ ಕಾರು ತೊಳೆದು ನಿಲ್ಲಿಸಿದೆವು. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೂವು ಕಟ್ಟಿ ಕೀ ತಿರುಗಿಸಿದರೆ 'ಟಿಕ್' ಎಂದಿತು, ಅಷ್ಟೇ. ತಳ್ಳಿದರೂ ಆಗಲಿಲ್ಲ. ಮುಹೂರ್ತ ಮೀರುತ್ತದೆಂದು ಗಂಡು ಬಾಸಿಂಗ ಕೈಯಲ್ಲಿ ಹಿಡಿದುಕೊಂಡು ಟಾಟಾ ಏಸ್ ಹತ್ತಿದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶಿರಾದಲ್ಲಿ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಕಾರು ಒಯ್ದೆವು. ಕಾರು ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರ್ ಇಟ್ಟರು. ನಿಂತ ಕಾರು ಎಳೆಯುವ ಕರೆಂಟ್ 0.05 ಆಂಪಿಯರ್ ಒಳಗಿರಬೇಕಂತೆ. ನಮ್ಮದು ಹತ್ತಿರ ಹತ್ತಿರ ಒಂದು ಆಂಪಿಯರ್ ಎಳೆಯುತ್ತಿತ್ತು. ಶುಕ್ರವಾರ ಸಂಜೆಯಿಂದ ಭಾನುವಾರ ಬೆಳಗಿನ ಜಾವಕ್ಕೆ ಮೂವತ್ನಾಲ್ಕು ಗಂಟೆ. ಅರವತ್ತರ ಹಳೇ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಡೀಸೆಲ್ ಎಂಜಿನ್ ತಿರುಗಿಸಲು ಉಳಿದದ್ದು ಸಾಲಲಿಲ್ಲ.

"ಸ್ಕ್ರೀನ್ ಕಪ್ಪಾಗೈತೆ ಕಣ್ರಪ್ಪ, ಸೆಟ್ ಮಲಗಿಲ್ಲ" ಎಂದರು. ಬಿಡಿಸಿ ಹೇಳಿದರು. ಸೆಟ್ಟಿಗೆ ಎರಡು ಪಾಸಿಟಿವ್ ತಂತಿ ಬೇಕು. ಹಳದಿಯಲ್ಲಿ ಕರೆಂಟ್ ಯಾವಾಗಲೂ ಇರಬೇಕು, ನೆನಪು ಉಳಿಯೋದು ಅದರಿಂದ. ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಬರಬೇಕು, ಏಳು-ಮಲಗು ಎಂದು ಹೇಳೋದು ಅದು. ನಮ್ಮ ಕಾರಿನ ಪ್ಲಗ್ಗಿನಲ್ಲಿ ಈ ಎರಡರ ಜಾಗ ಬೇರೆ ಕಾರುಗಳಿಗಿಂತ ಅದಲುಬದಲು. ಅದು ಕಾರಿನ ದೋಷವಲ್ಲ, ಅದರ ಕ್ರಮವೇ ಹಾಗೆ. ಎರಡನ್ನೂ ಅದಲುಬದಲು ಮಾಡಿದ್ದರೆ ಮುಗಿಯುತ್ತಿತ್ತು. ಅಂಗಡಿಯ ಹುಡುಗ ಎರಡನ್ನೂ ಸದಾ ಕರೆಂಟ್ ಇರುವ ತಂತಿಗೇ ಕಟ್ಟಿದ್ದ.

ರೇಡಿಯೊ ಯಾಕೆ ಬರಲಿಲ್ಲ ಎಂದೂ ಹೇಳಿದರು. ಕಾರಿನ ಮೇಲಿನ ಆಂಟೆನಾದೊಳಗೆ ಒಂದು ಚಿಕ್ಕ ಆಂಪ್ಲಿಫೈಯರ್ ಇದೆ. ಹಳೇ ಸೆಟ್ ಆಂಟೆನಾ ವೈರಿನಲ್ಲೇ ಅದಕ್ಕೆ ಕರೆಂಟ್ ಕಳಿಸುತ್ತಿತ್ತು. ಹೊಸದಕ್ಕೆ ಆ ಅಭ್ಯಾಸವಿಲ್ಲ, ನಡುವೆ ಒಂದು ಅಡಾಪ್ಟರ್ ಬೇಕು. ಇನ್ನು ಸ್ಕ್ಯಾನರಿನ ವಿಷಯ. ಕಾರಿನ ತೊಂದರೆ ಓದುವ ತಂತಿಯೂ ಸೆಟ್ಟಿನ ಪ್ಲಗ್ಗಿಗೆ ಬಂದಿರುತ್ತದೆ. ಹೊಸ ಸೆಟ್ ಹಾಕುವಾಗ ಆ ಪಿನ್ ಬಿಡಿಸಿ ಇಡಬೇಕು. ಇಲ್ಲದಿದ್ದರೆ ಸ್ಕ್ಯಾನರ್ ಕೆಲಸ ಮಾಡಲ್ಲ, ದುಬಾರಿ ಭಾಗವೇ ಸುಟ್ಟರೂ ಸುಟ್ಟಿತು.

ಕೊನೆಗೆ ಬಾಗಿಲಿನ ಹಲಗೆ ಬಿಚ್ಚಿದರು. ಸ್ಪೀಕರಿನ ವೈರಿಗೆ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿದರು. ಒಳ್ಳೇ ಸ್ಪೀಕರಾದರೆ 'ಟಪ್' ಎಂದು ಕೋನ್ ಮುಂದೆ ಬರುತ್ತದೆ. ನಮ್ಮ ಮುಂದಿನ ಎರಡೂ 'ಪರ್' ಎಂದವು. ಬಾಗಿಲೊಳಗೆ ಇಳಿದ ಮಳೆನೀರಿಗೆ ಕೋನಿನ ಅಂಚು ಹರಿದಿತ್ತು.

"ಕಾಲು ಮುರಿದ್ರೆ ಟೋಪಿ ಬದಲಾಯಿಸಿದೀರಲ್ಲ" ಎಂದು ನಕ್ಕರು.

ಹಳೇ ಸೆಟ್ಟಿಗೆ ಏನೂ ಆಗಿರಲಿಲ್ಲ. ಆಗ ನೆನಪಾಯಿತು, ತಾತನ ಕ್ಯಾಸೆಟ್ ಎಲ್ಲಿ? ಅವ್ವ ಮೂರು ವಾರದಿಂದ ಕಾರು ಹತ್ತಿರಲಿಲ್ಲ. ಮೊಣಕಾಲು ನೋವು ಅಂದುಕೊಂಡಿದ್ದೆವು. ಫೋನ್ ಮಾಡಿ ಕೇಳಿದರೆ, "ಸೆಟ್ಟಿನೊಳಗೇ ಇತ್ತು, ನೀವು ತೆಗೆದಿಟ್ಟಿರ್ತೀರಿ ಅಂತ ಸುಮ್ಕಿದ್ದೆ" ಅಂದಳು.

ಅಲ್ಲಿಂದ ನೇರ ಅಂಗಡಿಗೆ ಓಡಿದೆವು. ಹಳೇ ಸೆಟ್ಟುಗಳನ್ನು ಎರಡು ಗೋಣಿಚೀಲದಲ್ಲಿ ಗುಜರಿಗೆ ಕಟ್ಟಿಟ್ಟಿದ್ದರು. ಎರಡನೇ ಚೀಲದ ತಳದಲ್ಲಿ ನಮ್ಮದು ಸಿಕ್ಕಿತು. ಐನೂರು ವಾಪಸ್ ಕೊಟ್ಟೆವು. ಕ್ಯಾಸೆಟ್ ಒಳಗೇ ಇತ್ತು, ಕರೆಂಟ್ ಇಲ್ಲದೆ ಹೊರಗೆ ಬರಲಿಲ್ಲ. ಶಿರಾದ ಹಿರಿಯರು ಕತ್ತರಿಸಿದ ತಂತಿಗಳನ್ನೆಲ್ಲ ಬೆಸುಗೆ ಹಾಕಿ ಸೆಟ್ ಕೂರಿಸಿದರೆ 'ಸೇಫ್' ಎಂದು ತೋರಿಸಿತು. ಕರೆಂಟ್ ತಪ್ಪಿದರೆ ಈ ಸೆಟ್ ಬೀಗ ಹಾಕಿಕೊಳ್ಳುತ್ತದೆ, ನಾಲ್ಕಂಕಿಯ ಕೋಡ್ ಕೊಡಬೇಕು. ಎರಡು ಸಲ ತಪ್ಪಿದರೆ ಒಂದು ಗಂಟೆ ಕಾಯಬೇಕು. ಅದಕ್ಕೇ ಅಂದಾಜಿನಲ್ಲಿ ಒತ್ತುವ ಧೈರ್ಯ ಬರಲಿಲ್ಲ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಹಳೇ ಮಾಲೀಕರು ಬಿಟ್ಟುಹೋಗಿದ್ದ ಪುಸ್ತಕದ ನಡುವೆ ಚೀಟಿ ಇತ್ತು. ಕೋಡ್ ಒತ್ತಿದೆವು, ಕ್ಯಾಸೆಟ್ ಹೊರಗೆ ಬಂತು.

ಈಗ ನಮ್ಮ ಕಾರಿನಲ್ಲಿರುವುದು ಹಳೇ ಸೆಟ್ಟೇ. ಮುಂದಿನ ಎರಡು ಬಾಗಿಲಿಗೆ ಆರೂವರೆ ಇಂಚಿನ ಹೊಸ ಸ್ಪೀಕರ್ ಹಾಕಿಸಿದ್ದೇವೆ. ಫೋನಿನ ಹಾಡಿಗೆ ಕ್ಯಾಸೆಟ್ ಆಕಾರದ ಒಂದು ಬ್ಲೂಟೂತ್ ಅಡಾಪ್ಟರ್ ಇದೆ. ಟಚ್ ಸ್ಕ್ರೀನನ್ನು ನಷ್ಟಕ್ಕೆ ಮಾರಿದೆವು. ಹಳ್ಳಿ ಕಡೆ ಈಗ ಇಂಥ ಹಳೇ ದೊಡ್ಡ ಕಾರುಗಳು ಬರುತ್ತಿವೆ. ಹೊಸ ಸೆಟ್ ಹಾಕಿಸುವುದು ತಪ್ಪೇನಲ್ಲ. ಆದರೆ ಮೊದಲು ಸೆಲ್ ಮುಟ್ಟಿಸಿ ಸ್ಪೀಕರ್ ನೋಡಿ. ಕೋಡ್ ಬರೆದಿಟ್ಟುಕೊಂಡು ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ. ಕಾರಿನ ಪ್ಲಗ್ ಕತ್ತರಿಸಲು ಬಿಡಬೇಡಿ, ಆ ಮಾದರಿಗೆಂದೇ ಜೋಡಿಸುವ ವೈರ್ ಸೆಟ್ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ. ಬರೀ ಟೇಪ್ ಸುತ್ತಿದ ಜೋಡಣೆ ಬಿಸಿಲಿಗೆ ಬಿಚ್ಚಿಕೊಂಡರೆ ಬೆಂಕಿಗೂ ದಾರಿ. ಕೆಲಸ ಮುಗಿದ ಮೇಲೆ ಕಾರು ಆಫ್ ಮಾಡಿ ಮೀಟರ್ ಇಡಿಸಿ ನೋಡಿ. ಹಳೇ ಸೆಟ್ ಮಾತ್ರ ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ಮೊನ್ನೆ ಅವ್ವನನ್ನು ಕೂರಿಸಿಕೊಂಡು ಜುಂಜಪ್ಪನ ಗುಡ್ಡೆಗೆ ಹೋಗಿ ಬಂದೆವು. ಗಣೆಯ ಸ್ವರ ಈಗ ಒಡೆಯುವುದಿಲ್ಲ, ಊದುವ ಮುಂಚೆ ತಾತ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಕೊನೆಯಲ್ಲಿ ತಾತ ಕೆಮ್ಮಿ, "ಆಯ್ತೇನ್ರಲಾ, ಸಾಕಾ?" ಎಂದು ನಮ್ಮನ್ನು ಕೇಳುತ್ತಾನೆ. "ಇನ್ನೊಂದು ಪದ ಹೇಳು ಮಾವ" ಅಂತಾಳೆ ಅವ್ವ.

ಆ ಟೇಪಿನ ನಕಲನ್ನು ಈಗ ಇಬ್ಬರ ಫೋನಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇಟ್ಟಿದ್ದೇವೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕ್ಯಾಸೆಟ್ ಇದ್ದರೆ, ಕಾರಿನ ಸೆಟ್ ಆಮೇಲೆ ನೋಡಿದರಾಯಿತು, ಮೊದಲು ನಕಲು ಮಾಡಿಸಿ ಇಟ್ಟುಕೊಳ್ಳಿ.